ಗಿಟಾರ್ ನುಡಿಸಲು ಕಷ್ಟವಾಗುತ್ತಿದೆಯೇ? ಬೆರಳನ್ನು ದೂರುವ ಮೊದಲು ನೆಕ್, ಸೆಟಪ್ ನೋಡಿ

ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಹೊರಟ ಅನೇಕರು ಮುಗ್ಗರಿಸುವುದು ಎಫ್ ಕಾರ್ಡ್‌ನಲ್ಲಿ. ತೋರುಬೆರಳನ್ನು ಅಡ್ಡಲಾಗಿಟ್ಟು ಮೊದಲ ಫ್ರೆಟ್‌ನಲ್ಲಿ ಆರೂ ತಂತಿಗಳನ್ನು ಒತ್ತಬೇಕು. ಬೆರಳು ನೋಯುತ್ತದೆ, ಸ್ವರ ಮಾತ್ರ ಸರಿಯಾಗಿ ಹೊಮ್ಮುವುದಿಲ್ಲ. ‘ಇದು ನನ್ನ ಕೈಯಲ್ಲಿ ಆಗದು’ ಎಂದುಕೊಂಡಲ್ಲಿಗೆ ಗಿಟಾರ್ ಮೂಲೆ ಸೇರುತ್ತದೆ. ಆದರೆ ಎಷ್ಟೋ ಸಲ ತೊಡಕಿರುವುದು ಬೆರಳಿನಲ್ಲಲ್ಲ, ವಾದ್ಯದಲ್ಲಿ. ಅದರಲ್ಲೂ ಬಹುಪಾಲು ತೊಡಕನ್ನು ಸರಿಪಡಿಸಬಹುದು.

ಬದಲಿಸಲಾಗದ್ದು ನೆಕ್

ಎಡಗೈ ಹಿಡಿಯುವ ಉದ್ದನೆಯ ಭಾಗವೇ ನೆಕ್. ಇದರ ಹಿಂಬದಿಯ ಆಕಾರವನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ‘ಸಿ’ ದುಂಡಗಿದ್ದರೆ, ‘ಡಿ’ ಬೆನ್ನು ಚಪ್ಪಟೆ, ‘ವಿ’ ನಡುವೆ ಏಣಿನಂತಿರುತ್ತದೆ. ತೆಳ್ಳಗಿನ ನೆಕ್ ಎಲ್ಲರಿಗೂ ಸುಲಭ ಎಂದೇನಿಲ್ಲ. ದಪ್ಪ ನೆಕ್ ಅಂಗೈಗೆ ಆಸರೆ ಕೊಡುತ್ತದೆ ಎನ್ನುವವರೂ ಇದ್ದಾರೆ.

ತಂತಿಯ ಉದ್ದವೂ ಮುಖ್ಯ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಇದು 25.5 ಇಂಚು. 1952ರ ಗಿಬ್ಸನ್ ಲೆಸ್ ಪಾಲ್‌ನಲ್ಲಿ ಸುಮಾರು 24.75 ಇಂಚು. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದರೆ, ಉದ್ದ ಕಡಿಮೆ ಇರುವಲ್ಲಿ ಬಿಗಿತ ಕಡಿಮೆ. ಫ್ರೆಟ್‌ಗಳ ಅಂತರವೂ ತುಸು ಕಿರಿದು.

ಮೂರನೆಯದು ಬೆರಳು ಓಡಾಡುವ ಹಲಗೆಯ ಬಾಗು. ಹಳೆಯ ಫೆಂಡರ್‌ಗಳ 7.25 ಇಂಚು ತ್ರಿಜ್ಯದ ಹಲಗೆ ಹೆಚ್ಚು ಬಾಗಿರುವುದರಿಂದ ಕಾರ್ಡ್ ಹಿಡಿಯಲು ಹಿತ. ಆದರೆ ತಂತಿ ತೀರಾ ಕೆಳಗಿದ್ದರೆ, ಅದನ್ನು ಎಳೆದು ಸ್ವರ ಏರಿಸುವಾಗ ಮುಂದಿನ ಫ್ರೆಟ್‌ಗೆ ತಾಗಿ ನಾದ ಸತ್ತುಹೋಗುತ್ತದೆ. ಗಿಬ್ಸನ್‌ನ 12 ಇಂಚಿನ ಹಲಗೆ ಹೆಚ್ಚು ಚಪ್ಪಟೆಯಾದ್ದರಿಂದ ಅಲ್ಲಿ ಈ ಕಾಟ ಕಡಿಮೆ.

ಬದಲಿಸಬಹುದಾದ್ದು ಸೆಟಪ್

ಉಕ್ಕಿನ ತಂತಿಗಳು ನೆಕ್ ಅನ್ನು ಸದಾ ಮುಂದಕ್ಕೆ ಎಳೆಯುತ್ತವೆ. ಅದನ್ನು ತಡೆಯಲು ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ಇದನ್ನು ಬಿಗಿ ಮಾಡಿದರೆ ನೆಕ್ ನೇರವಾಗುತ್ತದೆ, ಸಡಿಲಿಸಿದರೆ ಮುಂದಕ್ಕೆ ಬಾಗುತ್ತದೆ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿದಾಗ, ಏಳನೇ ಫ್ರೆಟ್ ಮೇಲೆ ಸುಮಾರು 0.25 ಮಿ.ಮೀ. ಸಂದು ಇದ್ದರೆ ಸಾಮಾನ್ಯವಾಗಿ ಸಾಕು.

ಆಮೇಲೆ ನೋಡಬೇಕಾದ್ದು ‘ಆಕ್ಷನ್’, ಅಂದರೆ ಫ್ರೆಟ್‌ನಿಂದ ತಂತಿ ಎಷ್ಟು ಮೇಲಿದೆ ಎಂಬುದು. 12ನೇ ಫ್ರೆಟ್‌ನಲ್ಲಿ 1.6 ಮಿ.ಮೀ. ಆಸುಪಾಸು ಇದ್ದರೆ ಹೆಚ್ಚಿನವರಿಗೆ ಹಿತ. ತೀರಾ ಇಳಿಸಿದರೆ ತಂತಿ ಫ್ರೆಟ್‌ಗೆ ಬಡಿದು ‘ಜರ್’ ಎನ್ನುತ್ತದೆ. ಇದನ್ನು ಬ್ರಿಡ್ಜ್‌ನ ಸ್ಕ್ರೂಗಳಿಂದ ಸರಿಪಡಿಸಬೇಕೇ ಹೊರತು ಟ್ರಸ್ ರಾಡ್‌ನಿಂದಲ್ಲ.

ಎಫ್ ಕಾರ್ಡ್ ಕಾಡುತ್ತಿದ್ದರೆ ಅನುಮಾನಿಸಬೇಕಾದ್ದು ನಟ್ ಅನ್ನು. ಇದು ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ. ಎರಡು ಮತ್ತು ಮೂರನೇ ಫ್ರೆಟ್‌ಗಳ ನಡುವೆ ತಂತಿ ಒತ್ತಿ ನೋಡಿ. ಮೊದಲ ಫ್ರೆಟ್ ಮೇಲೆ ಕೂದಲೆಳೆಯಷ್ಟು ಸಂದು ಮಾತ್ರ ಉಳಿಯಬೇಕು. ಹೆಚ್ಚಿದ್ದರೆ ಗೀರು ಸಾಕಷ್ಟು ಆಳವಿಲ್ಲ ಎಂದರ್ಥ. ಇದನ್ನು ಅರದಿಂದ ಉಜ್ಜುವ ಕೆಲಸ ರಿಪೇರಿಯವರಿಗೇ ಬಿಡಿ. ಹೆಚ್ಚು ಉಜ್ಜಿದರೆ ನಟ್ ಅನ್ನೇ ಬದಲಿಸಬೇಕಾದೀತು.

ಊರು ಬದಲಾದರೆ ಗಿಟಾರ್ ಬದಲಾಗುತ್ತದೆ

ಮರ ತೇವ ಹೀರಿ ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮುಂಬೈ ಮಳೆಗಾಲದಲ್ಲಿ ನೆಕ್ ಮುಂದಕ್ಕೆ ಬಾಗಿ ತಂತಿಗಳು ಮೇಲೆದ್ದರೆ ಅಚ್ಚರಿಯಿಲ್ಲ. ಒಣ ಹವೆಯಲ್ಲಿ, ಹೀಟರ್ ಹಾಕಿದ ದೆಹಲಿಯ ಕೋಣೆಯಲ್ಲಿ, ಹಲಗೆ ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ಚುಚ್ಚಬಹುದು. ಚೆನ್ನೈ ಸೆಕೆಯಲ್ಲಿ ಬೆವರಿದ ಕೈಗೆ ಹೊಳಪಿನ ಪಾಲಿಶ್ ಇರುವ ನೆಕ್ ಅಂಟಿಕೊಂಡಂತಾಗುತ್ತದೆ, ಮಂದ ಪಾಲಿಶ್‌ನದು ಜಾರುತ್ತದೆ.

ಏನು ಮಾಡಬೇಕು?

* ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಿ. ಕಲಿಯುವವರಿಗೆ 10ಕ್ಕಿಂತ 9ರ ಸೆಟ್ ಮೃದು.
* ನೆಕ್‌ನ ಬಾಗು, ತಂತಿಯ ಎತ್ತರ, ಕೊನೆಗೆ ಸ್ವರಶುದ್ಧಿ – ಇದೇ ಕ್ರಮದಲ್ಲಿ ಸರಿಪಡಿಸಿ.
* ಟ್ರಸ್ ರಾಡ್ ಅನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬಿಗಿಯಾಗಿದ್ದರೆ ಬಲ ಹಾಕದೆ ನಿಲ್ಲಿಸಿ.
* ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ನೆಕ್ ಹಿಡಿದು ನೋಡಿ. ಹತ್ತು ನಿಮಿಷ ನುಡಿಸಿದ ಮೇಲೆ ಹೆಬ್ಬೆರಳ ಬುಡ ನೋಯುತ್ತಿದ್ದರೆ ಬೇರೊಂದು ಆಕಾರ ಪ್ರಯತ್ನಿಸಿ.

ತಂತಿಯ ಎತ್ತರವನ್ನು ನಾಳೆಯೂ ಇಳಿಸಬಹುದು. ಕೈಗೆ ಒಗ್ಗದ ನೆಕ್ ಅನ್ನು ಮಾತ್ರ ಸ್ಕ್ರೂ ತಿರುಗಿಸಿ ಸರಿಪಡಿಸಲಾಗದು.