ಪದವಿಯೆಂಬ ದಾರಿ

ಪದವಿ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎರಡರ್ಥಗಳು ಬಳಕೆಯಲ್ಲಿರುವುವು. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ವಿಶ್ವವಿದ್ಯಾನಿಲಯವು ಕೊಡುವ ಬಿ.ಎ., ಬಿ.ಎಸ್‌ಸಿ. ಮುಂತಾದುವು ಒಂದು, ಉದ್ಯೋಗದಲ್ಲಿ ಒಬ್ಬನು ಏರುವ ಸ್ಥಾನವು ಇನ್ನೊಂದು. ಒಂದೇ ಶಬ್ದವು ಎರಡಕ್ಕೂ ಸಲ್ಲುವುದರಿಂದಲೋ ಏನೋ, ಮೊದಲನೆಯದು ಕೈಗೆ ಬಂದ ಕೂಡಲೆ ಎರಡನೆಯದೂ ತಾನಾಗಿ ಬರತಕ್ಕದ್ದೆಂದು ನಾವು ಎಣಿಸುವುದುಂಟು. ಫಲಿತಾಂಶವು ತಿಳಿದ ದಿವಸ ಮನೆಗೆ ಬಂದ ನೆಂಟರು ಕೇಳುವ ಮೊದಲನೆಯ ಪ್ರಶ್ನೆ, “ಇನ್ನು ಮುಂದೇನು?” ಎಂಬುದು, ಕೆಲಸ ಸಿಕ್ಕಿದೆಯೆಂದರೆ ಎರಡನೆಯ ಪ್ರಶ್ನೆ, “ಸಂಬಳವೆಷ್ಟು?” ಎಂಬುದು. ಇವು ಕೇಳಬಾರದ ಪ್ರಶ್ನೆಗಳೆಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಓದಿಸುವುದಕ್ಕಾಗಿ ಮೈಮೇಲಿನ ಒಡವೆಯನ್ನು ಅಡವಿಟ್ಟ ತಾಯಂದಿರಿಗೆ ಹಾಗೆ ಕೇಳುವ ಹಕ್ಕು ಇದ್ದೇ ಇದೆ. ಆದರೆ ಆ ಶಬ್ದಕ್ಕೆ ಮೂರನೆಯ ಅರ್ಥವೊಂದುಂಟು. ಸಂಸ್ಕೃತದಲ್ಲಿ ಪದವಿ ಎಂದರೆ ದಾರಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಹೊರಬಂದ ಕೆಲವರ ನಡೆಯನ್ನು ನೋಡಿದರೆ ಈ ಹಳೆಯ ಅರ್ಥವೇ ಹೆಚ್ಚು ನಿಜವೆಂದು ನಮಗೆ ತೋರುವುದು.

ಈ ವಿಶ್ವವಿದ್ಯಾನಿಲಯವು ಹುಟ್ಟಿದುದೇ ಪದವೀಧರರೊಬ್ಬರ ಪ್ರಯತ್ನದಿಂದ. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಮನೆಪಾಠಗಳನ್ನು ಹೇಳಿ ಜೀವನ ಮಾಡಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು. ಓದಿದುದು ಬೆಂಗಳೂರಿನಲ್ಲಿ; ಪದವಿ ಮದರಾಸಿನದು. ಇಂಜಿನಿಯರಿಂಗ್ ಕಲಿಯಬೇಕಾದಾಗ ಮೈಸೂರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಪುಣೆಗೆ ಹೋಗಬೇಕಾಯಿತು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಕಳೆದರೂ ಸ್ಥಿತಿಯು ಬಹುಮಟ್ಟಿಗೆ ಹಾಗೆಯೇ ಇದ್ದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಎಂ.ಎ. ಪದವಿಯನ್ನು ಪಡೆದುದು ಮದರಾಸಿನಲ್ಲಿಯೇ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ, ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, 1916ನೆಯ ಇಸವಿ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ಎರಡು ಕಂಬಗಳ ಮೇಲೆ ಅದು ಎದ್ದು ನಿಂತಿತು. ತಾನು ನಡೆದ ದಾರಿಯಲ್ಲಿ ತನಗೆ ಸಿಕ್ಕದ ನೆರಳು ಹಿಂದೆ ಬರುವವರಿಗೆ ಸಿಕ್ಕಲೆಂದು ಮರ ನೆಡುವುದೆಂದರೆ ಇದೇ.

ಈ ಮರದ ನೆರಳಿನಲ್ಲಿ ನಡೆದವರ ಪೈಕಿ ಎಲ್ಲರೂ ಬಲ್ಲವರು ಕೆ. ವಿ. ಪುಟ್ಟಪ್ಪನವರು. ಮಲೆನಾಡಿನಿಂದ ಮೈಸೂರಿಗೆ ಬಂದ ಅವರು 1927ರಲ್ಲಿ ಬಿ.ಎ., 1929ರಲ್ಲಿ ಎಂ.ಎ. ಮುಗಿಸಿ, ಅದೇ ವರ್ಷ ಮಹಾರಾಜ ಕಾಲೇಜಿನಲ್ಲಿಯೇ ಅಧ್ಯಾಪಕರಾದರು. ಅನಂತರ ಪ್ರಾಧ್ಯಾಪಕರು, 1955ರಲ್ಲಿ ಅದೇ ಕಾಲೇಜಿಗೆ ಪ್ರಿನ್ಸಿಪಾಲರು, 1956ರಲ್ಲಿ ವಿಶ್ವವಿದ್ಯಾನಿಲಯಕ್ಕೇ ಉಪಕುಲಪತಿಗಳು. ಮೈಸೂರಿನ ಪದವೀಧರರಲ್ಲಿ ಆ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. ನೆಂಟರ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮೆಟ್ಟಿಲ ಮೇಲೆ ಮೆಟ್ಟಿಲು. ಆದರೆ ‘ಶ್ರೀ ರಾಮಾಯಣ ದರ್ಶನಂ’ ಎಂಬ ಮಹಾಕಾವ್ಯವು, ಅಂದರೆ 1967ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದ ಕೃತಿಯು, ಈ ಯಾವ ಮೆಟ್ಟಿಲಿನ ಸಂಬಳಕ್ಕೂ ಸೇರಿದುದಲ್ಲ. ಅದು ತರಗತಿಯ ಪಾಠವನ್ನು ಮುಗಿಸಿ ಮನೆಗೆ ಬಂದ ಅಧ್ಯಾಪಕರು ವರ್ಷಗಟ್ಟಲೆ ನಡೆಸಿದ ಕೆಲಸ. ಪೀಠವನ್ನೇರಿದ ಮೇಲೆಯೂ ಅವರು ಅಲ್ಲಿ ಸುಮ್ಮನೆ ಕುಳಿತವರಲ್ಲ. ಮಾನಸಗಂಗೋತ್ರಿಯನ್ನು ಕಟ್ಟಿದರು, ಕನ್ನಡದಲ್ಲಿ ಮೇಲ್ಮಟ್ಟದ ಶಿಕ್ಷಣ ನಡೆಯಬೇಕೆಂದು ದುಡಿದರು.

ಎಲ್ಲರ ದಾರಿಯೂ ಹೀಗೆ ನೇರವಾಗಿರುವುದಿಲ್ಲ. ಆರ್. ಕೆ. ನಾರಾಯಣರವರು ಹೈಸ್ಕೂಲು ಮುಖ್ಯೋಪಾಧ್ಯಾಯರ ಮಗ. ಆದರೂ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿಯೇ ನಪಾಸಾದರು. ಒಂದು ವರ್ಷ ಮನೆಯಲ್ಲಿದ್ದು, ಮನಸ್ಸಿಗೆ ಬಂದುದನ್ನು ಓದುತ್ತ ಬರೆಯುತ್ತ ಕಳೆದರು. ಆಮೇಲೆ ಮಹಾರಾಜ ಕಾಲೇಜನ್ನು ಸೇರಿ, ಮೂರು ವರ್ಷದ ಬಿ.ಎ.ಯನ್ನು ನಾಲ್ಕು ವರ್ಷಕ್ಕೆ ಮುಗಿಸಿ 1930ರಲ್ಲಿ ಹೊರಬಂದರು. ಸಿಕ್ಕಿದ ಉಪಾಧ್ಯಾಯರ ಕೆಲಸವನ್ನು, ವ್ಯಾಯಾಮದ ಮೇಷ್ಟರಿಗೆ ಬದಲಾಗಿ ನಿಲ್ಲಬೇಕೆಂದುದಕ್ಕೆ ಮನನೊಂದು ಬಿಟ್ಟುಬಂದರು. ವಾಚಕರು ಆ ದಿನ ಆ ಮನೆಯಲ್ಲಿ ಏನೇನು ಮಾತು ನಡೆದಿರಬಹುದೆಂದು ಊಹಿಸಿಕೊಳ್ಳಬಹುದು. ಮುಂದೆ ಅವರು ಬರೆದ ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ತಿರುಗಿಸಿ ಕಳುಹಿಸಿದರು. ಕೊನೆಗೆ ಅದು ಗ್ರಹಾಂ ಗ್ರೀನ್ ಎಂಬ ಆಂಗ್ಲ ಲೇಖಕರ ಕೈಸೇರಿ, ಅವರ ಶಿಫಾರಸಿನಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರಿನಲ್ಲಿ ಅಚ್ಚಾಯಿತು. ಮಾಲ್ಗುಡಿ ಎಂಬ ಇಲ್ಲದ ಊರನ್ನು ಲೋಕಕ್ಕೆಲ್ಲ ಇರುವ ಊರಾಗಿ ಮಾಡಿದವರು, ನಪಾಸಾಗಿ ಮನೆಯಲ್ಲಿ ಕುಳಿತಿದ್ದ ಈ ಹುಡುಗ.

ಇನ್ನೊಬ್ಬರ ದಾರಿ ನಿಜವಾಗಿಯೂ ಕಾಲುದಾರಿಯಿಂದಲೇ ಆರಂಭವಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಹೈಸ್ಕೂಲನ್ನು ಸೇರುವುದಕ್ಕಾಗಿ ತಮ್ಮೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವಾಗ 1942ರ ಚಳವಳಿ ಬಂದಿತು. ಪುಸ್ತಕವನ್ನು ಮುಚ್ಚಿಟ್ಟು ಸೆರೆಮನೆಗೆ ಹೋದರು. ಹಿಂದಿರುಗಿ ಬಂದು 1946ರಲ್ಲಿ ಎಂ.ಎಸ್‌ಸಿ. ಮುಗಿಸಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ನಲವತ್ತರ ವಯಸ್ಸಿಗೆ, 1960ರಲ್ಲಿ, ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದಿಂದ ಪಿಎಚ್.ಡಿ. ಪಡೆದರು. ಅಲ್ಲಿಯೇ ನೆಲೆಸಬಹುದಾಗಿದ್ದವರು ತಮ್ಮ ಕಾಲೇಜಿಗೇ ಹಿಂದಿರುಗಿ, ಅದರ ಪ್ರಿನ್ಸಿಪಾಲರಾಗಿ, 1972ರಿಂದ 1977ರ ವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಗಳಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಖಾದಿಯನ್ನುಟ್ಟು ವಿದ್ಯಾರ್ಥಿನಿಲಯದ ಕೊಠಡಿಯೊಂದರಲ್ಲಿ ಬಾಳಿದರು. “ಸಂಬಳವೆಷ್ಟು?” ಎಂಬ ಪ್ರಶ್ನೆಯು ಇಂಥವರ ಬಾಗಿಲಿಗೆ ಬಂದು ತಾನೇ ನಾಚಿಕೊಳ್ಳಬೇಕು.

ಹೆಣ್ಣುಮಕ್ಕಳ ತಾಯಿತಂದೆಗಳಿಗಾಗಿ ನಾವು ಒಂದು ಮಾತನ್ನು ವಿಶೇಷವಾಗಿ ಹೇಳುವೆವು. ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲಿನ ಪದವೀಧರೆಯರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಎಂ.ಎಸ್‌ಸಿ. ಪದವಿಯನ್ನು ಗಳಿಸಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ವಿಭಾಗವನ್ನು ಸೇರಿದರು. ಬಳಿಕ ಸರಕಾರದ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಕಲಿತು, 1953ರಲ್ಲಿ ಹಿಂದಿರುಗಿ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಪತಿಯೊಡಗೂಡಿ ಮೈಕ್ರೋವೇವ್ ಅಲೆಗಳ ಸಂಶೋಧನೆಗೆ ಪ್ರಯೋಗಶಾಲೆಯನ್ನು ಕಟ್ಟಿದರು. 20 ಮಂದಿ ಶಿಷ್ಯರನ್ನು ಪಿಎಚ್.ಡಿ.ಗೆ ಸಿದ್ಧಗೊಳಿಸಿದರು. ಅಜ್ಜಿ ಹೊಸ್ತಿಲನ್ನು ದಾಟದಿದ್ದಲ್ಲಿ ಮೊಮ್ಮಗಳು ಸಾಗರವನ್ನು ದಾಟುವುದು ಇನ್ನೆಷ್ಟು ಕಷ್ಟವಾಗುತ್ತಿತ್ತೋ!

ಕೊನೆಯದಾಗಿ, ವಿಶ್ವವಿದ್ಯಾನಿಲಯವು ಹುಟ್ಟಿದ ವರ್ಷದಲ್ಲಿಯೇ ಮೈಸೂರಿನಲ್ಲಿ ಹುಟ್ಟಿದವರೊಬ್ಬರ ಕಥೆ. ಎಂ. ಎನ್. ಶ್ರೀನಿವಾಸರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಆನರ್ಸ್ ಮುಗಿಸಿ, ಮುಂಬಯಿಯಲ್ಲಿ ಓದಿ, ಆಕ್ಸ್‌ಫರ್ಡಿಗೆ ಹೋದರು. ಅಲ್ಲಿನ ಅಧ್ಯಾಪಕ ಪದವಿಯನ್ನು ಬಿಟ್ಟು 1951ರಲ್ಲಿ ಬರೋಡಕ್ಕೂ, 1959ರಲ್ಲಿ ದೆಹಲಿಗೂ ಬಂದು, ಎರಡೂ ಕಡೆ ಸಮಾಜಶಾಸ್ತ್ರದ ವಿಭಾಗಗಳನ್ನು ಮೊದಲಿನಿಂದ ಕಟ್ಟಿದರು. ಇದರ ಮಧ್ಯೆ, 1948ರಲ್ಲಿ, ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ವಾಸಮಾಡಿ ಅಲ್ಲಿನ ಜನಜೀವನವನ್ನು ವಿವರವಾಗಿ ಬರೆದುಕೊಂಡಿದ್ದರು. ವರ್ಷಾನುಗಟ್ಟಲೆ ತಿದ್ದಿ ಜೋಡಿಸಿದ ಆ ಟಿಪ್ಪಣಿಗಳನ್ನು ತೆಗೆದುಕೊಂಡು, ಪುಸ್ತಕ ಬರೆಯಲೆಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, 1970ರ ಏಪ್ರಿಲಿನಲ್ಲಿ ಯಾರೋ ದುಷ್ಕರ್ಮಿಗಳು ಕಟ್ಟಡಕ್ಕೆ ಬೆಂಕಿಯಿಟ್ಟರು. ಟಿಪ್ಪಣಿಗಳ ಮೂರು ಪ್ರತಿಗಳೂ ಅಲ್ಲಿಯೇ ಇದ್ದುವು, ಮೂರೂ ಸುಟ್ಟುಹೋದುವು. ಶ್ರೀನಿವಾಸರು ನೆನಪಿನಿಂದಲೇ ಆ ಹಳ್ಳಿಯನ್ನು ಮತ್ತೆ ಕಟ್ಟಲು ಕುಳಿತರು. ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಆ ಗ್ರಂಥವು 1976ರಲ್ಲಿ ಹೊರಬಂದಿತು. ಕಾಗದದ ಮೇಲಿದ್ದುದು ಬೂದಿಯಾಯಿತು. ಮನಸ್ಸಿನಲ್ಲಿ ಇಳಿದುದು ಉಳಿಯಿತು. ವಿದ್ಯೆಯನ್ನು ಕಳ್ಳನು ಕದಿಯಲಾರ, ಬೆಂಕಿಯು ಸುಡಲಾರದು ಎಂದು ಹಿರಿಯರು ಹೇಳುವುದು ಬರಿಯ ಮಾತಲ್ಲ.

ಇಷ್ಟನ್ನು ಓದಿದ ಗೃಹಸ್ಥರೊಬ್ಬರು, “ಇವರೆಲ್ಲ ಅಸಾಧಾರಣರು, ನಮ್ಮ ಮಕ್ಕಳಿಗೆ ಈ ತಿಂಗಳ ಅಕ್ಕಿಯ ಯೋಚನೆ” ಎನ್ನಬಹುದು. ಈ ಆಕ್ಷೇಪಣೆಯಲ್ಲಿ ತಿರುಳುಂಟು. ಕಾದಿರುವುದಕ್ಕೆ ಎಲ್ಲರ ಮನೆಯಲ್ಲಿಯೂ ಕಸುವಿರುವುದಿಲ್ಲ. ನಾರಾಯಣರ ಬೆನ್ನಿಗೆ ಮನೆಯೊಂದು ಇದ್ದಿತು. ರಾಜೇಶ್ವರಿಯವರಿಗೆ ಅಜ್ಜಿಯ ಮೇಲ್ಪಂಕ್ತಿ ಇದ್ದಿತು. ಕುಟುಂಬದ ಭಾರವನ್ನು ಹೊರುವುದಕ್ಕಾಗಿ ಪದವಿ ಬಂದ ಮರುದಿನವೇ ಗುಮಾಸ್ತೆಯ ಕೆಲಸಕ್ಕೆ ಸೇರಿದವರನ್ನು ನಾವು ಕಡಮೆಯೆಂದು ಎಣಿಸುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಪದವೀಧರನ ಹೆಸರು ಯಾವ ಪತ್ರಿಕೆಯಲ್ಲಿಯೂ ಬಾರದು. ಆದರೆ ಮುಂದಿನ ತಲೆಮಾರಿನ ನರಸಿಂಹಯ್ಯನು ಅವನ ಕೈಕೆಳಗೇ ಅಕ್ಷರ ಕಲಿಯುವನು.

ನಾವು ಮನೆಯ ಹಿರಿಯರಲ್ಲಿ ಬೇಡುವುದು ದೊಡ್ಡದೇನೂ ಅಲ್ಲ. ಮೇಲೆ ಹೇಳಿದವರಲ್ಲಿ ಒಬ್ಬರು ಒಂದು ವರ್ಷ ನಪಾಸಾಗಿ ಕುಳಿತರು, ಒಬ್ಬರು ಓದನ್ನು ನಡುವೆಯೇ ಬಿಟ್ಟರು, ಒಬ್ಬರು ಹೆಂಗಸರೇ ಇಲ್ಲದ ಕಡೆಗೆ ಹೆಜ್ಜೆಯಿಟ್ಟರು, ಒಬ್ಬರು ನಡುವಯಸ್ಸಿನಲ್ಲಿ ಗಳಿಸಿದ್ದನ್ನು ಕಳೆದುಕೊಂಡರು. ಆ ಸಮಯದಲ್ಲಿ ನೋಡಿದವರಿಗೆ ದಾರಿ ತಪ್ಪಿತೆಂದೇ ತೋರಿದ್ದಿರಬಹುದು. ಆದುದರಿಂದ ಮನೆಯ ಮಗನೋ ಮಗಳೋ ಪದವಿಯ ಕಾಗದವನ್ನು ಕೈಯಲ್ಲಿ ಹಿಡಿದು ದಿಕ್ಕು ಕಾಣದೆ ನಿಂತಾಗ, ಸಂಬಳದ ಪ್ರಶ್ನೆಗೆ ಮೊದಲು “ನಿನಗೆ ಯಾವ ಕೆಲಸದಲ್ಲಿ ಮನಸ್ಸು ನಿಲ್ಲುವುದು?” ಎಂದು ಒಂದು ಸಲ ಕೇಳೋಣ, ಅನುಕೂಲವಿದ್ದರೆ ಒಂದು ವರ್ಷ ಕಾಯೋಣ. ಪದವಿ ಎಂದರೆ ದಾರಿ. ಘಟಿಕೋತ್ಸವದ ದಿನ ಮಕ್ಕಳು ಆ ದಾರಿಯ ತುದಿಯನ್ನು ಮುಟ್ಟುವುದಿಲ್ಲ. ಅಂದು ಮನೆಯ ಬಾಗಿಲಿನಿಂದ ಹೊರಡುವರು. ಹೊರಡುವವರಿಗೆ ಬೇಕಾದುದು ಬುತ್ತಿಯೂ, ಹಿರಿಯರ ಒಂದು ಒಳ್ಳೆಯ ಮಾತೂ.