ಕಾಫಿಯ ಜೊತೆ ತೋಟದ ಗುರುತೂ ಬೇಕು

ನಮ್ಮ ಕಾಫಿಗೆ ಇಟಲಿ, ಜರ್ಮನಿ ಮೊದಲಾದ ಐರೋಪ್ಯ ದೇಶಗಳೇ ದೊಡ್ಡ ಗಿರಾಕಿಗಳು. ಐರೋಪ್ಯ ಒಕ್ಕೂಟವು 2023ರಲ್ಲಿ ಒಂದು ಕಾಯಿದೆಯನ್ನು ಅಂಗೀಕರಿಸಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರುಗಳಿಗೆ ಅಲ್ಲಿ ಪ್ರವೇಶವಿಲ್ಲವೆಂಬುದು ಅದರ ಸಾರ. ಅಡಿಕೆ ಈ ಪಟ್ಟಿಯಲ್ಲಿಲ್ಲ.

ಮರಗಳೇ ತುಂಬಿದ ನಮ್ಮ ತೋಟವನ್ನು ಕಾಡೆಂದು ಎಣಿಸಿಯಾರೇ ಎಂಬ ಅನುಮಾನ ಸಹಜ. ಕಾಯಿದೆಯಲ್ಲೇ ಉತ್ತರವಿದೆ: ಮರದ ನೆರಳಿನಲ್ಲಿ ಬೆಳೆ ತೆಗೆಯುವ ಜಮೀನು ಕೃಷಿಭೂಮಿ, ಅರಣ್ಯವಲ್ಲ. ಆದರೆ ಉಪಗ್ರಹದ ಚಿತ್ರದಲ್ಲಿ ಕಾಣುವುದು ಹಲಸು, ಸಿಲ್ವರ್ ಮರಗಳ ತಲೆ ಮಾತ್ರ. ಕೆಳಗಿನ ಕಾಫಿ ಗಿಡಗಳಲ್ಲ. ಅವುಗಳ ಪರವಾಗಿ ಸಾಕ್ಷಿ ಹೇಳಬೇಕಾದವು ನಮ್ಮ ದಾಖಲೆಗಳೇ.

ಆಮದುದಾರನು ಕಾಫಿ ಬೆಳೆದ ಪ್ರತಿ ತಾಕಿನ ಅಕ್ಷಾಂಶ, ರೇಖಾಂಶ ಒದಗಿಸಬೇಕು. 4 ಹೆಕ್ಟೇರಿಗಿಂತ, ಅಂದರೆ ಸುಮಾರು 10 ಎಕರೆಗಿಂತ, ದೊಡ್ಡ ತಾಕಿಗೆ ಸುತ್ತಲ ಗಡಿಯ ಗುರುತು ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಮೂಲ ತಿಳಿಯದ ಮೂಟೆಯೊಂದು ರಾಶಿಯಲ್ಲಿ ಬೆರೆತು, ಬೇರ್ಪಡಿಸಲಾಗದಿದ್ದರೆ ಇಡೀ ರಾಶಿಯೇ ಅನರ್ಹ. ಒಬ್ಬರ ಉದಾಸೀನದಿಂದ ನೆರೆಯವರಿಗೂ ನಷ್ಟ. ಸಂಘದ ಮೂಲಕ ಒಟ್ಟಾಗಿ ಮಾರುವ ಸಣ್ಣ ಹಿಡುವಳಿದಾರರು ಇದನ್ನು ಮರೆಯಬಾರದು.

ಕಾಯಿದೆಯ ಅನ್ವಯ ಎರಡು ಬಾರಿ ಮುಂದೆ ಹೋಯಿತು. 2025ರ ತೀರ್ಮಾನದಂತೆ ದೊಡ್ಡ ವ್ಯಾಪಾರಸ್ಥರಿಗೆ 2026ರ ಡಿಸೆಂಬರ್ 30ರ ಗಡುವು. ಗಡುವು ಮುಂದೆ ಹೋಯಿತೆಂದು ಸುಮ್ಮನೆ ಕೂರುವುದು ತರವಲ್ಲ. ಪಹಣಿ, ಸರ್ವೆ ನಕ್ಷೆ, ಹಳೆಯ ಮಾರಾಟದ ರಸೀದಿಗಳನ್ನು ಸದಸ್ಯ ಬಾಂಧವರು ಈಗಲೇ ಒಂದೆಡೆ ಜೋಡಿಸಿಡುವುದು ಲೇಸು.