ಪ್ರಾಜೆಕ್ಟ್ ಮಗುವಿನದ್ದೋ, ಅಮ್ಮನದ್ದೋ?

ಸಂಜೆ ಐದೂವರೆ ಗಂಟೆಗೆ ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಯಾವುದಾದರೂ ಪುಸ್ತಕದಂಗಡಿಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ನೀರಿನ ಮೂಲಗಳ ಚಿತ್ರ ಉಂಟಾ? ನಾಳೆ ಮಗನ ಪ್ರಾಜೆಕ್ಟ್ ಕೊಡ್ಲಿಕ್ಕುಂಟು ಮಾರಾಯ್ರೆ." ಅಂಗಡಿಯವರಿಗೆ ಕೇಳಿ ಕೇಳಿ ಬಾಯಿಪಾಠ. ಚಿತ್ರದ ಹಾಳೆ, ಬಣ್ಣದ ಚಾರ್ಟು, ಗಮ್ಮು, ಸ್ಕೆಚ್ ಪೆನ್ನು ಎಲ್ಲ ಒಂದೇ ತೊಟ್ಟೆಗೆ ಹಾಕಿ ಕೊಡುತ್ತಾರೆ. ರಾತ್ರಿ ಊಟದ ನಂತರ ಅಮ್ಮ ಕತ್ತರಿಸುವುದು, ಅಕ್ಕ ಅಂಟಿಸುವುದು, ಅಪ್ಪ ಚೆಂದದ ಅಕ್ಷರದಲ್ಲಿ ಬರೆಯುವುದು. ಯಾರ ಪ್ರಾಜೆಕ್ಟೋ ಆ ಮಗ ಅಷ್ಟರಲ್ಲಿ ನಿದ್ದೆಗೆ ಜಾರಿರುತ್ತಾನೆ.

ಅಂಟಿಸಿದ ಹೊಳೆಯ ಚಿತ್ರ ಯಾವ ದೇಶದ್ದೋ ದೇವರಿಗೇ ಗೊತ್ತು. ಸುಳ್ಯದ ಮಗುವಿನ ಕಣ್ಣೆದುರು ಪಯಸ್ವಿನಿ ಹರಿಯುತ್ತದೆ. ಕಡಬದ ಮಗುವಿಗೆ ಕುಮಾರಧಾರಾ ಉಂಟು. ಉಪ್ಪಿನಂಗಡಿಗೆ ಹೋದರೆ ಅದೇ ಕುಮಾರಧಾರಾ ನೇತ್ರಾವತಿಯನ್ನು ಕೂಡುವುದನ್ನು ನೋಡಬಹುದು. ಎಷ್ಟೋ ಮನೆಗಳ ಗುಡ್ಡದ ಬದಿಯಲ್ಲಿ ಸುರಂಗದ ನೀರು ಈಗಲೂ ಬೀಳುತ್ತದೆ. ಇಷ್ಟೆಲ್ಲ ಬಿಟ್ಟು ಅಂಗಡಿಯಿಂದ ತಂದ ಹೊಳೆಗೆ 'ಎ ಪ್ಲಸ್' ಸಿಕ್ಕಿದರೆ, ಆ ಗ್ರೇಡು ಯಾರಿಗೆ ಸಿಕ್ಕಿದ್ದು? ಮಗುವಿಗೋ, ಅಮ್ಮನಿಗೋ, ಅಂಗಡಿಯವರಿಗೋ?

ಉದ್ದೇಶ ಒಳ್ಳೆಯದೇ ಇತ್ತು

ಮೂರು ಗಂಟೆ ಕೂತು ಬಾಯಿಪಾಠ ಒಪ್ಪಿಸುವ ಪರೀಕ್ಷೆಯಿಂದ ಸಣ್ಣ ಮಕ್ಕಳನ್ನು ಬಿಡಿಸಬೇಕೆಂಬ ಯೋಚನೆ ಹಳೆಯದು. ಪುತ್ತೂರಿನವರಿಗಂತೂ ಇದು ಹೊಸ ಮಾತೇ ಅಲ್ಲ. ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ ಬಾಲವನ ಇರುವುದು ಇಲ್ಲೇ ಪರ್ಲಡ್ಕದಲ್ಲಿ. ರಾಜ್ಯದ ಮಟ್ಟದಲ್ಲಿ ಹೇಳುವುದಾದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಶುರುವಾಯಿತು. ಮಗು ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುವುದು, ಎಲ್ಲಿಗೆ ಮುಟ್ಟಿದೆ ಎಂದು ಟೀಚರ್ ಆಗಾಗ ನೋಡಿ ಗುರುತು ಹಾಕುವುದು ಅದರ ಕ್ರಮ.

ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮಗುವಿನ ಕಲಿಕೆಯನ್ನು ವರ್ಷವಿಡೀ, ಎಲ್ಲ ಬಗೆಯಲ್ಲೂ ನೋಡಬೇಕೆಂದು ಆ ಕಾಯ್ದೆಯೇ ಹೇಳಿತು. ಅದೇ ಸಿಸಿಇ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಹೆಸರು ನಾಲಿಗೆಗೆ ತೊಡಕು, ಅರ್ಥ ಸುಲಭ. ಅನ್ನ ಬೇಯುವಾಗ ಒಂದು ಅಗುಳು ಹಿಚುಕಿ ನೋಡುವುದು ರೂಪಣಾತ್ಮಕ. ಎಲೆಗೆ ಬಡಿಸಿದ ಮೇಲೆ ರುಚಿ ಹೇಳುವುದು ಸಂಕಲನಾತ್ಮಕ. ಮೊದಲನೆಯದರಲ್ಲಿ ತಿದ್ದಲಿಕ್ಕೆ ಸಮಯ ಉಂಟು, ಎರಡನೆಯದರಲ್ಲಿ ಇಲ್ಲ.

ಆದರೆ ಪ್ರಾಜೆಕ್ಟು ಮನೆಗೆ ಬಂತು, ಮನೆಯಿಂದ ಅಂಗಡಿಗೆ ಹೋಯಿತು. ಮಗು ಏನು ಮಾಡುತ್ತದೆ ಎಂದು ನೋಡುವ ಕೆಲಸವೇ ತಪ್ಪಿಹೋಯಿತು.

ಸಂತೆಯಲ್ಲಿ ಸಿಗುವ ಗುಟ್ಟು

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿರಬೇಕು? ಶಾಲೆಗಳಲ್ಲಿ ನಡೆಯುವ 'ಮಕ್ಕಳ ಸಂತೆ'ಯನ್ನೇ ನೋಡಿ. ಬಸಳೆ, ಹರಿವೆ, ನಿಂಬೆಹುಳಿ ತಂದು ಮಕ್ಕಳೇ ಮಾರುತ್ತಾರೆ. ಕಟ್ಟಿಗೆ 15 ರೂಪಾಯಿಯ ಹರಿವೆ ಮೂರು ಕಟ್ಟು ತೆಗೆದುಕೊಂಡು ಗಿರಾಕಿ ನೂರರ ನೋಟು ಕೊಟ್ಟರೆಂದು ಇಟ್ಟುಕೊಳ್ಳಿ. ನಾಲ್ಕನೇ ತರಗತಿಯ ಹುಡುಗಿ, "ನಲವತ್ತೈದು... ಐದು ಕೊಟ್ರೆ ಐವತ್ತು, ಮತ್ತೆ ಐವತ್ತು ಕೊಟ್ರೆ ನೂರು" ಎಂದು 55 ರೂಪಾಯಿ ಎಣಿಸಿ ಕೊಡುತ್ತಾಳೆ. ನೂರಾರು ಗಿರಾಕಿಗಳಿಗೆ ಚಿಲ್ಲರೆ ಕೊಡುವ ಯಾವ ಜೀನಸು ಅಂಗಡಿಯವರ ಲೆಕ್ಕವೂ ಇದೇ ತಾನೆ?

ಅದೇ ಹುಡುಗಿ ಮರುದಿನ ಕಾಗದದಲ್ಲಿ ನೂರರಿಂದ ನಲವತ್ತೈದು ಕಳೆದು 65 ಎಂದು ಬರೆಯಬಹುದು. ಬರೀ ಉತ್ತರಪತ್ರಿಕೆ ನೋಡಿದವರು "ಲೆಕ್ಕದಲ್ಲಿ ದಡ್ಡಿ" ಅನ್ನುತ್ತಾರೆ. ಸಂತೆಯಲ್ಲಿ ಅವಳ ಪಕ್ಕ ನಿಂತು ನೋಡಿದ ಟೀಚರಿಗೆ ನಿಜ ಗೊತ್ತು: ಹಣದ ಬೆಲೆ ಇವಳಿಗೆ ತಿಳಿದಿದೆ, ತಪ್ಪುತ್ತಿರುವುದು ದಶಕ ಸಾಲ ತೆಗೆಯುವ ಒಂದೇ ಹೆಜ್ಜೆ. ಅದನ್ನು ಒಂದು ವಾರದಲ್ಲಿ ಸರಿ ಮಾಡಬಹುದು. 'ದಡ್ಡಿ' ಎಂಬ ಹೆಸರನ್ನು ಅಳಿಸಲಿಕ್ಕೆ ಹತ್ತು ವರ್ಷ ಸಾಲದು.

ಇನ್ನು ಪರಿಸರ ವಿಜ್ಞಾನ. ಸುಳ್ಯ ಕಡೆಯ ಕೆಲವು ಕೃಷಿಕರು ದಶಕಗಳಿಂದ ಅಂಗಳದಲ್ಲಿ ಮಳೆ ಅಳೆದು ಬರೆದಿಡುತ್ತಿದ್ದಾರೆ. ಆ ಕೆಲಸ ಐದನೇ ತರಗತಿಯ ಮಕ್ಕಳಿಗೂ ಸಾಧ್ಯ. ಬೇಕಾದದ್ದು ಬುಡದಿಂದ ಬಾಯಿವರೆಗೆ ಒಂದೇ ಅಗಲದ ಡಬ್ಬ, ಒಂದು ಸ್ಕೇಲು, ಒಂದು ನೋಟ್‌ಬುಕ್. ಬೆಳಿಗ್ಗೆ ಎಷ್ಟು ಮಿಲಿಮೀಟರ್ ನೀರು ನಿಂತಿದೆ ಎಂದು ನೋಡಿ ಬರೆಯುವುದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಡು 100 ಚದರ ಮೀಟರ್ ಇದ್ದು, 10 ಮಿ.ಮೀ. ಮಳೆ ಬಂದರೆ ಬೀಳುವುದು ಸಾವಿರ ಲೀಟರ್! ಇದರಲ್ಲಿ ವಿಜ್ಞಾನವೂ ಬಂತು, ಗಣಿತವೂ ಬಂತು. ನಾಲ್ಕು ಸಾಲು ವರದಿ ಬರೆಸಿದರೆ ಕನ್ನಡವೂ ಬಂತು. ಅಂಗಡಿಯಿಂದ ಚಿತ್ರ ತರುವ ಅಗತ್ಯವೇ ಇಲ್ಲ.

ಕನ್ನಡಕ್ಕೆ, ಅಜ್ಜಿಗೆ ಒಂದು ಕಾಗದ ಬರೆದು ನಿಜವಾಗಿಯೂ ಟಪಾಲಿಗೆ ಹಾಕುವುದು. ಇಲ್ಲವೇ ಬಸ್ಸಿಳಿದವರು ಶಾಲೆಗೆ ಬರುವ ದಾರಿಯನ್ನು ತಪ್ಪಿಲ್ಲದೆ ಹೇಳುವುದು. ಇಂಗ್ಲಿಷಿಗೆ ತರಗತಿಯಲ್ಲೇ ಅಂಗಡಿ ಆಟ. ಆದರೆ ಏನನ್ನು ನೋಡುತ್ತೇವೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ದಾರಿ ಕ್ರಮವಾಗಿ ಬಂತಾ? ಗುರುತು ಸರಿ ಉಂಟಾ? ಕೇಳಿದವರಿಗೆ ಅರ್ಥವಾಯಿತಾ? ಇಂಥ ಮೂರ್ನಾಲ್ಕು ಅಂಶ ಸಾಕು. ಅವನ್ನು ಹೇಳದೆ ಅಂಕ ಹಾಕಿದರೆ ದರ ಹೇಳದೆ ಬಿಲ್ಲು ಕೊಟ್ಟ ಹಾಗೆ.

'ತೇವು' ಅಂದರೆ ತಪ್ಪಾ?

ಈ ಮೂರು ತಾಲೂಕುಗಳಲ್ಲಿ ಇನ್ನೊಂದು ಸಂಗತಿ ಉಂಟು. ಮನೆಯ ಮಾತು ಒಬ್ಬನಿಗೆ ತುಳು, ಇನ್ನೊಬ್ಬನಿಗೆ ಅರೆಭಾಷೆ, ಮತ್ತೊಬ್ಬಳಿಗೆ ಬ್ಯಾರಿ, ಮಲೆಯಾಳ, ಹವ್ಯಕ ಅಥವಾ ಕೊಂಕಣಿ. ಎಲೆ ತೋರಿಸಿ ಇದೇನೆಂದು ಕೇಳಿದರೆ ತುಳುವಿನ ಮಗು "ತೇವು" ಅನ್ನುತ್ತದೆ. ಪುಸ್ತಕದಲ್ಲಿ ಇರುವುದು ಕೆಸು. ಎಲ್ಲಿ ಬೆಳೆಯುತ್ತದೆ, ಹಸಿ ತಿಂದರೆ ಬಾಯಿ ತುರಿಸುತ್ತದೆ, ಪತ್ರೊಡೆಗೆ ಯಾವ ಎಲೆ ಆಗುತ್ತದೆ ಎಂದೆಲ್ಲ ಆ ಮಗುವಿಗೆ ಗೊತ್ತು. ಗಿಡದ ತಿಳಿವಳಿಕೆಗೆ ಪೂರ್ತಿ ಅಂಕ ಕೊಡಬೇಕು. ಕನ್ನಡದ ಶಬ್ದ ಕಲಿಸುವುದು ಬಾಕಿ ಎಂದು ಬೇರೆ ಬರೆದುಕೊಳ್ಳಬೇಕು. ಎರಡು ಲೆಕ್ಕವನ್ನು ಒಂದೇ ಖಾತೆಗೆ ಬರೆದರೆ ನಷ್ಟ ಮಗುವಿಗೆ.

ಮಾಸ್ಟ್ರ ಕಷ್ಟವೂ ಉಂಟು

ಎಲ್ಲ ತಪ್ಪನ್ನೂ ಶಾಲೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಬಿಸಿಯೂಟ ನೋಡಬೇಕು, ಮೀಟಿಂಗಿಗೆ ಓಡಬೇಕು, ಪ್ರತಿ ಮಗುವಿನ ಪ್ರತಿ ವಿಷಯದ ದಾಖಲೆ ಬರೆಯಬೇಕು, ಅದನ್ನು ಆನ್‌ಲೈನಿಗೂ ಏರಿಸಬೇಕು. ಬರೆಯುವುದೇ ಕೆಲಸವಾದರೆ ಮಗುವನ್ನು ನೋಡುವುದು ಯಾವಾಗ? ದಾಖಲೆ ಕಡಿಮೆ ಮಾಡಿ ನೋಡುವ ಹೊತ್ತು ಹೆಚ್ಚು ಮಾಡುವುದು ಇಲಾಖೆಯ ಕೈಯಲ್ಲಿ ಉಂಟು.

ಅತ್ತ ಐದನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ಬೇಕೋ ಬೇಡವೋ ಎಂದು 2023ರಲ್ಲೂ 2024ರಲ್ಲೂ ಕೋರ್ಟಿನಲ್ಲಿ ಹಗ್ಗಜಗ್ಗಾಟ ನಡೆಯಿತು. 2024ರ ಮಾರ್ಚ್‌ನಲ್ಲಿ ಪರೀಕ್ಷೆ ಶುರುವಾಗಿ, ನಡುವೆ ನಿಂತು, ಮತ್ತೆ ನಡೆದು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ಬರೆದೂ ಆಯಿತು, ಕಾದೂ ಆಯಿತು. ದೊಡ್ಡವರ ಈ ಜಗಳದಲ್ಲಿ, ಆ ಮಕ್ಕಳಿಗೆ ಏನು ಬರುತ್ತದೆ ಎಂಬ ಪ್ರಶ್ನೆ ಮೂಲೆಗೆ ಸರಿಯಿತು.

ಗ್ರೇಡು ನೋಡಿ ಮಗುವನ್ನು ಊರ ಶಾಲೆಯಿಂದ ಬಿಡಿಸಿ ದೂರದ ವ್ಯಾನು ಹತ್ತಿಸುವ ತಂದೆತಾಯಿ ಇದ್ದಾರೆ. ಅದೇ ಗ್ರೇಡು ನೋಡಿ "ಎಲ್ಲ ಸರಿ ಉಂಟು" ಎಂದು ಸುಮ್ಮನಾಗುವವರೂ ಇದ್ದಾರೆ. ಗ್ರೇಡೇ ಸುಳ್ಳಾದರೆ ಇಬ್ಬರಿಗೂ ಮೋಸ. ಓದಲಿಕ್ಕೆ ತಡವರಿಸುವ ಮಗು ಅಮ್ಮನ ಚಾರ್ಟಿನ ಹಿಂದೆ ಅಡಗಿ ಏಳನೇ ತರಗತಿಗೆ ಮುಟ್ಟುತ್ತದೆ. ಆಗ ಗೊತ್ತಾಗಿ ಏನು ಪ್ರಯೋಜನ?

ನಾಳೆ ಸಂಜೆ ಯಾರಾದರೂ ಬಂದು ಚಿತ್ರದ ಹಾಳೆ ಕೇಳಿದರೆ ಅಂಗಡಿಯವರು ಕೊಡಲಿ, ವ್ಯಾಪಾರ ಬಿಡಬೇಕೆಂದೇನೂ ಇಲ್ಲ. ಆದರೆ ಪಕ್ಕದಲ್ಲಿ ನಿಂತ ಮಗುವಿನ ಕೈಗೆ ನೋಟು ಕೊಡಿಸಿ, ಬಾಕಿ ಎಷ್ಟೆಂದು ಅದರ ಬಾಯಿಂದಲೇ ಕೇಳಿ. ಬಸ್ಸಿನಲ್ಲಿ ಕೂತ ಅಪ್ಪ, ಎದುರಿನಿಂದ ಬರುವ ಬಸ್ಸಿನ ಬೋರ್ಡು ಓದಿಸಲಿ. ಉತ್ತರ ತಪ್ಪಿದರೆ ಬೈಯುವುದು ಬೇಡ. ಎಲ್ಲಿ ತಪ್ಪಿತು ಎಂದು ನಾಳೆ ಟೀಚರಿಗೆ ಹೇಳಿದರೆ ಸಾಕು.